ದೇವಮ್ಮನ ಬಾಡಿಗೆದಾರರು

ದೇವಮ್ಮ ಜೇನುಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದ್ದಳಷ್ಟೆ, ಜಗಲಿಯಿಂದ ಗಂಡ ದೇರಣ್ಣನ ಸ್ವರ ಬಂತು.

"ಉಟ್ಟಾ, ಹೋತಾ?"

ಕೈ ಹಿಂದಕ್ಕೆ ಬಂತು. "ಉಟ್ಟು" ಎಂದಳು, ನೋಡದೆಯೇ.

ಜೇನುಹುಳಗಳು ಇವೆಯೋ ಹೋದವೋ ಎಂದು ದೇರಣ್ಣ ದಿನಾ ಬೆಳಿಗ್ಗೆ ವಿಚಾರಿಸುತ್ತಿದ್ದ. ಹಾಗೆ ಕೇಳುವುದರಲ್ಲಿ ತಪ್ಪೇನೂ ಇರಲಿಲ್ಲ. ಮೊದಲು ತಂದ ಹುಳಗಳು ಪೆಟ್ಟಿಗೆ ಬಿಟ್ಟು ಹಲಸಿನ ಕೊಂಬೆಯಲ್ಲಿ ಒಂದು ಮಧ್ಯಾಹ್ನ ಕೂತು, ಮನೆಯವರಿಗೆಲ್ಲ ದರ್ಶನ ಕೊಟ್ಟು, ಆಮೇಲೆ ಕಾಡಿನ ದಾರಿ ಹಿಡಿದಿದ್ದವು. ಎರಡನೆಯವು ಅಷ್ಟು ಮರ್ಯಾದೆಯನ್ನೂ ತೋರಿಸಲಿಲ್ಲ. ದೇವಮ್ಮ ಸ್ನಾನ ಮುಗಿಸಿ ಬರುವಷ್ಟರಲ್ಲಿ ಪೆಟ್ಟಿಗೆ ಖಾಲಿ. ಈಗಿನದು ಮೂರನೆಯ ಕುಟುಂಬ. ಮನೆಯ ಕೆಳಗಿನ ಬಾಳೆಯ ಜಾಗ ಉಳಿಯುವುದೂ ಹೋಗುವುದೂ ಈ ಕುಟುಂಬದ ಮರ್ಜಿಯಲ್ಲಿತ್ತು.

ಮದುವೆಯಾಗಿ ಗುತ್ತಿಗಾರಿಗೆ ಬಂದ ಲಾಗಾಯ್ತು ಆ ತುಂಡು ಜಾಗ ದೇವಮ್ಮನದು. ನೇಂದ್ರ ಬಾಳೆ, ಬದಿಯಲ್ಲಿ ಬದನೆ, ಕೋಲಿಗೆ ಹಬ್ಬಿಸಿದ ಅಲಸಂಡೆ. ಈಚೆಗೆ ಗೊನೆ ಬಲಿಯುವ ಹೊತ್ತಿಗೆ ಸರಿಯಾಗಿ ಆನೆ ಬರತೊಡಗಿತ್ತು. ತಿಂದು ಹೋದರೆ ಹಸಿವೆಂದು ಸಮಾಧಾನ ಮಾಡಿಕೊಳ್ಳಬಹುದು. ಇದು ಒಂದನ್ನು ತಿಂದು ಉಳಿದದ್ದನ್ನು ಮೆಟ್ಟಿ ಹೋಗುವ ನೆಂಟ. ದೇರಣ್ಣನಿಗೆ ಸಾಕಾಗಿತ್ತು. ರಬ್ಬರ್ ಹಾಕಿದರೆ ಆನೆಯೂ ತಿನ್ನುವುದಿಲ್ಲ, ಮನುಷ್ಯರೂ ತಿನ್ನುವುದಿಲ್ಲ, ಜಗಳವೇ ಇಲ್ಲ ಎಂದು ಅವನ ತೀರ್ಮಾನ. ಅದೇ ಹೊತ್ತಿಗೆ ದೇವಮ್ಮ ಪುತ್ತೂರಿನಲ್ಲಿ ಜೇನು ತರಬೇತಿಗೆ ಹೋಗಿ, ಹುಳಗಳ ಸದ್ದಿಗೆ ಆನೆ ಹೆದರುತ್ತದೆ ಎಂದು ಕೇಳಿಕೊಂಡು ಬಂದಳು. ಅಷ್ಟು ದೊಡ್ಡ ಆನೆ ಒಂದೇ ಪೆಟ್ಟಿಗೆಗೆ ಹೆದರುತ್ತದೆಯೇ ಎಂದು ಗಂಡ ಕೇಳಿದ್ದಕ್ಕೆ, ಆನೆಗೆ ಲೆಕ್ಕ ಬರುವುದಿಲ್ಲ ಎಂದಳು. ಕೊನೆಗೆ ಒಂದು ಒಪ್ಪಂದವಾಯಿತು. ರಬ್ಬರ್ ಗಿಡಕ್ಕೆ ಗುಂಡಿ ತೆಗೆಯುವ ಸಾಬಿತ್ ಬರುವ ದಿನ ಪೆಟ್ಟಿಗೆಯಲ್ಲಿ ಹುಳ ಇದ್ದರೆ ಜಾಗ ಅವಳದು, ಇಲ್ಲದಿದ್ದರೆ ರಬ್ಬರಿನದು. ದೇರಣ್ಣ ಆಡಿದ ಮಾತಿಗೆ ತಪ್ಪುವವನಲ್ಲ. ಕಷ್ಟವಿದ್ದದ್ದೂ ಅಲ್ಲೇ.

ಸುದ್ದಿ ಹಾಲಿನ ಸೊಸೈಟಿಯವರೆಗೂ ಹೋಗಿತ್ತು. "ಎಂತ ದೇವಮ್ಮಕ್ಕ, ನಿಮ್ಮ ಬಾಡಿಗೆಯವರು ಇದ್ದಾರಾ, ಬಿಟ್ಟು ಹೋದ್ರಾ?" ಎಂದು ಕಮಲಾವತಿ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಕೇಳಿದಳು.

"ಇದ್ದಾರೆ ಮಾರಾಯ್ತಿ. ಅಡ್ವಾನ್ಸ್ ವಾಪಸ್ ಕೊಡುದಿಲ್ಲ ಅಂತ ಹೇಳಿದ್ದೇನೆ."

ಎಲ್ಲರೂ ನಕ್ಕರು, ದೇವಮ್ಮನೂ ನಕ್ಕಳು. ಮನೆಗೆ ಬರುವ ದಾರಿಯುದ್ದಕ್ಕೂ ಮಾತ್ರ ಅವಳಿಗೆ ಪೆಟ್ಟಿಗೆಯದೇ ಚಿಂತೆ.

ಮೂರನೆಯ ಕುಟುಂಬವನ್ನು ಕಡಬದಿಂದ ತಂದುಕೊಟ್ಟವನು ಜೇನು ಸಾಕುವ ರಹ್ಮತ್. ಪೆಟ್ಟಿಗೆಯ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಟ್ಟು, ಇರುವೆಗೆ ದಾರಿಯಿಲ್ಲವೆಂದು ಖಾತ್ರಿ ಮಾಡಿಕೊಂಡು, ಅವನು ವಿಚಾರಣೆ ಶುರು ಮಾಡಿದ್ದ.

"ಅಕ್ಕ, ನೀವು ಮುಚ್ಚಳ ಯಾವಾಗ ತೆಗಿಯುದು?"

"ನಾನಾ? ತೆಗಿಯುದೇ ಇಲ್ಲ. ಬೆಳಿಗ್ಗೆ ಒಮ್ಮೆ, ಉಂಟಾ ಅಂತ. ಸಂಜೆ ಒಮ್ಮೆ. ಊಟ ಆದ ಮೇಲೆ ಒಂದ್ಸಲ ನೋಡ್ತೇನೆ, ಅದು ಲೆಕ್ಕಕ್ಕಿಲ್ಲ."

"ನಿಮ್ಮ ಮನೆಯ ಮಾಡಿನ ಹಂಚು ಯಾರಾದ್ರೂ ದಿನಾ ಹೀಗೆ ಎತ್ತಿ ನೋಡಿದ್ರೆ ನೀವು ಒಳಗೆ ಕೂತ್ಕೊಳ್ತೀರಾ?"

"ನಮ್ಮವರು ಕೂತ್ಕೊಳ್ತಾರೆ. ಪೇಪರ್ ಓದ್ಲಿಕ್ಕೆ ಬೆಳಕು ಬಂತು ಅಂತ."

ರಹ್ಮತನಿಗೂ ನಗು ತಡೆಯಲಾಗಲಿಲ್ಲ. ಆದರೂ ಅಮಾವಾಸ್ಯೆ ಕಳೆಯುವವರೆಗೆ ಮುಚ್ಚಳ ಮುಟ್ಟಬಾರದೆಂದೂ, ಇವೂ ಹೋದರೆ ಇನ್ನು ತನ್ನ ಹತ್ತಿರ ಕೇಳಬಾರದೆಂದೂ ಹೇಳಿಯೇ ಬೈಕ್ ಹತ್ತಿದ.

ಅಂದಿನಿಂದ ದೇವಮ್ಮನ ಕೈಗೆ ಕೆಲಸವಿಲ್ಲದಂತಾಯಿತು. ಪೆಟ್ಟಿಗೆಗೆ ನಿಷೇಧವಾದ್ದರಿಂದ ಅವಳು ಮನೆಯ ಬೇರೆ ಮುಚ್ಚಳಗಳನ್ನೆಲ್ಲ ತೆಗೆದು ನೋಡತೊಡಗಿದಳು. ಉಪ್ಪಿನಕಾಯಿ ಭರಣಿ, ಅಕ್ಕಿಡಬ್ಬ, ಒಲೆಯ ಮೇಲಿನ ಅನ್ನ. ಕಡುಬು ಬೇಯುವಾಗ ಮುಚ್ಚಳ ತೆಗೆದವರಿಗೆ ಇಷ್ಟು ವರ್ಷ ಗದರಿದವಳೇ ಒಂದು ಬೆಳಿಗ್ಗೆ ಅರೆಬೆಂದ ಕಡುಬು ಬಡಿಸಿದಳು. ದೇರಣ್ಣ ತಟ್ಟೆ ಖಾಲಿ ಮಾಡಿ ಎದ್ದ. ಅಂಥ ಸಂದರ್ಭ ಸಿಕ್ಕಿಯೂ ಅವನು ಸುಮ್ಮನಿದ್ದದ್ದು ಅವಳಿಗೆ ಬೈದದ್ದಕ್ಕಿಂತ ಹೆಚ್ಚು ನಾಟಿತು.

ಸಾಬಿತ್ ಬಂದದ್ದು ಅಮಾವಾಸ್ಯೆಗೆ ಮೊದಲೇ. ಹಿಂದಿನ ಸಂಜೆ ಗುಡುಗಿ ಮಳೆ ಸುರಿದು, ಬೆಳಿಗ್ಗೆ ಗುಡ್ಡದ ಮೇಲೆ ಮೋಡ ಕೂತಿತ್ತು. ಪೆಟ್ಟಿಗೆಯ ಬಾಯಲ್ಲಿ ಒಂದು ಹುಳವೂ ಇಲ್ಲ. ದೇವಮ್ಮ ಎದ್ದ ಕೂಡಲೇ ನೋಡಿದ್ದಳು, ಹಾಲು ಕರೆದು ಬರುವಾಗ ನೋಡಿದ್ದಳು, ಪಿಕಪ್ಪಿನ ಸದ್ದು ಕೇಳಿದಾಗ ಮತ್ತೊಮ್ಮೆ ನೋಡಿದ್ದಳು.

ಸಾಬಿತ್ ಗುಂಡಿ ತೋಡುವ ಯಂತ್ರ ಇಳಿಸಿದ. "ಎಲ್ಲಿಂದ ಶುರು ಮಾಡುದು ದೇರಣ್ಣ?"

"ನಿಲ್ಲು ಮಾರಾಯ, ಇಲ್ಲಿ ಒಂದು ಕೇಸ್ ಉಂಟು." ದೇರಣ್ಣ ಹೆಂಡತಿಯ ಕಡೆ ತಿರುಗಿದ. "ತೆಗೆದು ತೋರ್ಸು. ಇದ್ರೆ ಇವನಿಗೆ ಚಾ ಕೊಟ್ಟು ಕಳ್ಸುವ."

ತೆಗೆಯುವುದೇನು ದೊಡ್ಡ ಕೆಲಸವಲ್ಲ. ಆದರೆ ಒಳಗಿದ್ದವು ಗಾಬರಿಬಿದ್ದು ಹೊರಟರೆ ಗೆದ್ದೂ ಸೋತ ಹಾಗೆ. ಒಳಗೆ ಏನೂ ಇಲ್ಲದಿದ್ದರೆ? ಅದನ್ನು ಅವಳು ಪೂರ್ತಿ ಯೋಚಿಸಲಿಲ್ಲ.

"ತೆಗಿಯುದಿಲ್ಲ."

"ಹಾಗಾದ್ರೆ ಇಲ್ಲ ಅಂತ ಲೆಕ್ಕ."

"ನೀವು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ್ರೆ ಒಳಗೆ ಯಾರೂ ಇಲ್ಲ ಅಂತ ಲೆಕ್ಕವಾ?"

ಸಾಬಿತ್ ನಕ್ಕುಬಿಟ್ಟ. "ಅಕ್ಕ ಹೇಳುದರಲ್ಲಿ ಪಾಯಿಂಟ್ ಉಂಟು ದೇರಣ್ಣ."

"ನೀನು ಯಾರ ಕಡೆ?"

"ನನ್ನದು ಗಂಟೆಗೆ ಬಾಡಿಗೆ. ಯಾರ ಕಡೆ ಆದ್ರೂ ಅಡ್ಡಿಲ್ಲ."

"ಒಂದು ಚೂರು ಬಿಸಿಲು ಬರ್ಲಿ, ಅವೇ ಹೊರಗೆ ಬರ್ತವೆ. ಈ ಥಂಡಿಗೆ ನನಗೇ ಹೊರಗೆ ಬರ್ಲಿಕ್ಕೆ ಮನಸ್ಸಿರ್ಲಿಲ್ಲ" ಎಂದು ದೇವಮ್ಮ ಚಾ ತರಲು ಹೋದಳು. ಚಾ ಮುಗಿಯಿತು. ಹಲಸಿನ ಹಪ್ಪಳ ಬಂತು, ಅದೂ ಮುಗಿಯಿತು. ಗುಡ್ಡದ ಮೇಲಿನ ಮೋಡ ಮಾತ್ರ ಕದಲಲಿಲ್ಲ.

ದೇರಣ್ಣ ಆಕಾಶ ನೋಡಿದ. ಹೆಂಡತಿಯನ್ನು ನೋಡಲಿಲ್ಲ. "ಶುರು ಮಾಡು ಸಾಬಿತಾ. ಆ ಮೂಲೆಯಿಂದ."

ಯಂತ್ರ ಗರ್ಜಿಸಿತು. ದೇವಮ್ಮ ಸೆರಗು ಕಟ್ಟಿಕೊಂಡು ಜಾಗಕ್ಕೆ ಇಳಿದು, ಎಳೆಯದು ಬಲಿತದ್ದು ನೋಡದೆ ಅಲಸಂಡೆ ಕೊಯ್ಯತೊಡಗಿದಳು. "ಸ್ವಲ್ಪ ನಿಧಾನ ಮಾರಾಯ, ನಿನ್ನ ಮನೆಗೂ ಊಟಕ್ಕೆ ಒಂದು ಪದಾರ್ಥ ಆಗ್ತದೆ" ಎಂದಳು. ಸಾಬಿತನಿಗೆ ಆ ಸದ್ದಿನಲ್ಲಿ ಕೇಳಿಸಿರಲಾರದು.

ಸೆರಗು ತುಂಬಿ ತಲೆಯೆತ್ತಿದಾಗ, ಮೇಲೆ ದೇರಣ್ಣ ಪೆಟ್ಟಿಗೆಯ ಹತ್ತಿರ ನಿಂತಿದ್ದ. ಅವನ ಕೈ ಮುಚ್ಚಳದ ಮೇಲಿತ್ತು. ಕೂಗಿ ಪ್ರಯೋಜನವಿರಲಿಲ್ಲ. ಅವನು ಕೈ ತೆಗೆದ. ಕಳ್ಳನ ಹಾಗೆ ಅತ್ತಿತ್ತ ನೋಡಿ, ಮಂಡಿಗೆ ಕೈಕೊಟ್ಟು ನಿಧಾನವಾಗಿ ಬಗ್ಗಿ, ಪೆಟ್ಟಿಗೆಯ ಹಲಗೆಗೆ ಕಿವಿ ಒತ್ತಿದ. ಯಂತ್ರದ ಅಬ್ಬರಕ್ಕೆ ಮುಖ ಕಿವುಚಿದ. ಇನ್ನಷ್ಟು ಒತ್ತಿ ಹಿಡಿದ. ಆಮೇಲೆ ಇತ್ತ ತಿರುಗದೆಯೇ ಒಂದು ಕೈ ಮೇಲೆತ್ತಿದ, ಬಸ್ಸು ನಿಲ್ಲಿಸುವವರ ಹಾಗೆ.

ಸಾಬಿತ್ ಯಂತ್ರ ಬಂದ್ ಮಾಡಿದ. ದೂರದಲ್ಲಿ ಯಾರದೋ ಮನೆಯ ಕುಕ್ಕರ್ ಕೂಗಿದ್ದೂ ಕೇಳಿಸುವಷ್ಟು ನಿಶ್ಶಬ್ದವಾಯಿತು.

ದೇರಣ್ಣ ಏಳಲಿಲ್ಲ. ಪೆಟ್ಟಿಗೆಯ ಬಾಯಿಂದ ಒಂದು ಹುಳ ಹೊರಬಂದು, ಥಂಡಿಗೆ ಒಂದು ಗಳಿಗೆ ಅನುಮಾನಿಸಿ, ಹಲಗೆಯ ಮೇಲೆ ನಡೆಯುತ್ತಾ ಹೋಗಿ ಅವನ ಕಿವಿಯ ನರೆಗೂದಲನ್ನು ಹತ್ತಿತು. ಅವನು ಕಣ್ಣು ಮಾತ್ರ ತಿರುಗಿಸಿ ಕೆಳಗೆ ನಿಂತ ಹೆಂಡತಿಯನ್ನು ನೋಡಿದ. ಎತ್ತಿದ ಕೈ ಇಳಿಸುವುದಕ್ಕೂ ಧೈರ್ಯ ಸಾಲದೆ ಹಾಗೆಯೇ ಬಗ್ಗಿಕೊಂಡಿದ್ದ.