ತಿಮಿಂಗಿಲದ ಹಲ್ಲು, ಅಕನಿಸಿಯ ಕಿವಿ

ಫಿಜಿಯ ನಸೊಲೊ ಹಳ್ಳಿಗೆ ಇರುವುದು ಒಂದೇ ಶಾಲೆ, ಚರ್ಚ್ ಸಮಿತಿಯವರದು. ಏಟು ತಿನ್ನದೆ ಅಲ್ಲಿ ಓದಿದವರಿಲ್ಲ. ಅಪೆನಿಸಾ ಮಗಳನ್ನು ಸೇರಿಸುವಾಗ ತಾನೇ ಹೇಳಿಬಂದಿದ್ದ: "ಕೈಕಾಲು ಮುರಿದರೂ ಚಿಂತೆಯಿಲ್ಲ ಮಾಸ್ಟ್ರೇ, ನಾಲ್ಕಕ್ಷರ ಕಲಿಸಿ." ಹಾಗೆ ಹೇಳಿಬರುವ ಅಪ್ಪಂದಿರು ಎಲ್ಲ ಊರಲ್ಲೂ ಇದ್ದಾರೆ.

ಆ ಶನಿವಾರ ಅವನು ಅಂಗಳದಲ್ಲಿ ಕೂತು ಮರಗೆಣಸಿನ ಸಿಪ್ಪೆ ತೆಗೆಯುತ್ತಿದ್ದ. "ಅಕನಿಸೀ, ನೀರು ತಾ" ಅಂತ ಗೆಣಸಿನ ಮೇಲೆ ಕಣ್ಣಿಟ್ಟೇ ಮೂರು ಸಲ ಮೆಲುದನಿಯಲ್ಲಿ ಅಂದ. ಪಕ್ಕದಲ್ಲೇ, ಅವನಿಗೆ ಎಡಮಗ್ಗುಲಾಗಿ ಕೂತು ಚಾಪೆ ಹೆಣೆಯುತ್ತಿದ್ದ ಹನ್ನೊಂದು ವರ್ಷದ ಮಗಳು ತಲೆಯೆತ್ತಲಿಲ್ಲ.

"ಕೊಬ್ಬು ನೋಡು ಇವಳಿಗೆ," ಅಂತ ಗೊಣಗಿದ.

"ಕೊಬ್ಬು ಯಾರಿಗೆ ಅಂತ ಆಮೇಲೆ ನೋಡೋಣ ಭಾವ," ಅಂದಳು ಆಗಷ್ಟೇ ಬಂದ ಉನೈಸಿ. ಅವಳು ಆರೋಗ್ಯ ಕೇಂದ್ರದ ನರ್ಸ್, ಅವನ ಸೋದರತ್ತೆ ಮಗಳು. ಬೇರೆ ಯಾರೂ ಆಡಲಾಗದ ಮಾತನ್ನು ಆ ಸಲುಗೆಯಲ್ಲಿ ಅವನ ಮುಖಕ್ಕೇ ಆಡುತ್ತಿದ್ದಳು.

ಉನೈಸಿ ಹುಡುಗಿಯ ಎಡಕ್ಕೆ ಕೂತು ಮೆಲ್ಲಗೆ, "ಮಿಠಾಯಿ ಬೇಕಾ?" ಅಂದಳು. ಹುಡುಗಿಯ ಕೈ ಹೆಣೆಯುತ್ತಲೇ ಇತ್ತು. ಬಲಕ್ಕೆ ಬಂದು ಅಷ್ಟೇ ಮೆಲ್ಲಗೆ ಕೇಳಿದಳು. ಹುಡುಗಿ ತಟ್ಟನೆ ತಿರುಗಿದಳು. ಎಡಗಿವಿಯ ಮೇಲಿನ ಕೂದಲು ಸರಿಸಿದರೆ ಕೀವಿನ ವಾಸನೆ.

"ಎಷ್ಟು ದಿನ ಆಯ್ತು?"

"ಮೂರು ವಾರ," ಅಂದ ಅಪೆನಿಸಾ, ಚಾಕುವಿನ ಮೇಲೆ ಕಣ್ಣಿಟ್ಟು.

ಶಾಲೆಗೆ ತಡವಾಗಿ ಬಂದಳೆಂದು ತೊಮಾಸಿ ಮಾಸ್ಟರು ಕಪಾಳಕ್ಕೆ ಬಾರಿಸಿದ್ದರು. ಮರುದಿನವೇ ಸಮಿತಿಯವರೂ ಮಾಸ್ಟರ ಮನೆಯವರೂ ನಾರಿನ ಹಗ್ಗ ಕಟ್ಟಿದ ತಿಮಿಂಗಿಲದ ಹಲ್ಲು ಹಿಡಿದು ಬಂದು, ತಲೆ ತಗ್ಗಿಸಿ ಕ್ಷಮೆ ಕೇಳಿದರು. ಅಲ್ಲಿನ ಪದ್ಧತಿಯಲ್ಲಿ ಆ ಹಲ್ಲು ಮುಟ್ಟಿ ತೆಗೆದುಕೊಂಡರೆ ಕ್ಷಮಿಸಿದಂತೆ; ಅಪೆನಿಸಾ ಸ್ವೀಕರಿಸಿದ. ಅಲ್ಲಿಗೆ ಮಾತು ಹೂತುಹೋಯಿತು. ಆಮೇಲೆ ಅದನ್ನು ಎತ್ತಿದರೆ ಕುಲಕ್ಕೇ ಅವಮಾನ.

"ಆಸ್ಪತ್ರೆಗೆ ಯಾಕೆ ಕರ್ಕೊಂಡು ಬರ್ಲಿಲ್ಲ?"

"ಡಾಕ್ಟ್ರು ಹೆಂಗಾಯ್ತು ಅಂತ ಕೇಳ್ತಾರಲ್ಲ. ಹೇಳಿದ್ರೆ ಹೂತದ್ದನ್ನ ಅಗೆದ ಹಾಗೆ."

ಉನೈಸಿ ಹುಡುಗಿಯ ಕಿವಿಯತ್ತ ಕೈ ತೋರಿಸಿದಳು. "ಹಲ್ಲು ಮುಟ್ಟಿದ್ದು ನೀನು. ಏಟು ತಿಂದದ್ದು ಅವಳು. ಅವಳನ್ನ ಯಾರಾದ್ರೂ ಕೇಳಿದ್ರಾ?"

"ಮಕ್ಕಳನ್ನ ಏನು ಕೇಳೋದು? ಅದೂ ಅಲ್ದೆ ಅದು ಸಮಿತಿ ಶಾಲೆ. ಅವರ ಶಾಲೆ, ಅವರ ಕಾನೂನು."

"ಯಾರು ಹೇಳಿದ್ದು? ಸರ್ಕಾರಿ ಇರ್ಲಿ, ಚರ್ಚಿಂದಿರ್ಲಿ, ಫೀಸು ಕಟ್ಟೋ ಖಾಸಗಿ ಶಾಲೆ ಇರ್ಲಿ, ಮಕ್ಕಳ ಮೇಲೆ ಕೈ ಮಾಡೋ ಹಾಗಿಲ್ಲ ಅಂತ ಕೋರ್ಟು ಹೇಳಿ ಇಪ್ಪತ್ತು ವರ್ಷದ ಮೇಲಾಯ್ತು. ನೀನು 'ಹೊಡೀರಿ' ಅಂದ್ರೂ ಹೊಡೆಯೋ ಹಾಗಿಲ್ಲ."

"ಹಾಗಾದ್ರೆ ಹಲ್ಲು ವಾಪಸ್ ಕೊಡ್ಲಾ? ಎರಡು ಮನೆ ಕಡಿದಾಡ್ಲಿ ಅಂತೀಯಾ?"

"ಇಟ್ಕೋ. ಎರಡು ಮನೆ ನಡುವಿನ ಸಿಟ್ಟು ಹೂತಾಯ್ತು, ಒಳ್ಳೇದೇ. ಆದ್ರೆ ನೀನು ಕ್ಷಮಿಸಿದ್ರೆ ಕಾನೂನು ಕ್ಷಮಿಸಿದ ಹಾಗಲ್ಲ. ಇದನ್ನ ನೋಡಿದ ಮೇಲೆ ನರ್ಸ್ ಆದ ನಾನು ಸರ್ಕಾರಕ್ಕೆ ಬರೆದು ತಿಳಿಸಲೇಬೇಕು, ಇಲ್ದಿದ್ರೆ ತಪ್ಪು ನನ್ನದಾಗುತ್ತೆ."

ಅಪೆನಿಸಾ ಇನ್ನೂ ತಲೆ ಅಲ್ಲಾಡಿಸುತ್ತಿದ್ದ. "ಮಾಸ್ಟ್ರು ತಪ್ಪೊಪ್ಪಿಕೊಂಡಿದಾರೆ. ಈಗ ಸರಿಹೋಗಿದಾರೆ."

ಬಾಗಿಲಲ್ಲಿ ನಿಂತಿದ್ದ ಕಿರಿಮಗಳು ಸೆರು, ಅಪ್ಪನ ಮಾತಿಗೆ ಬೆಂಬಲ ಕೊಡುವವಳಂತೆ ಅಂದಳು: "ಹೌದು ಅತ್ತೆ. ಈಗ ಕಿವಿಗೆ ಹೊಡೆಯೋದೇ ಇಲ್ಲ. ಅಂಗಾಲಿಗೆ ಹೊಡೀತಾರೆ. ಅಲ್ಲಿ ಹೊಡೆದ್ರೆ ಯಾರಿಗೂ ಕಾಣಲ್ಲ, ಹಲ್ಲು ತರೋ ಕೆಲಸ ಇಲ್ವಂತೆ."

ಅಪೆನಿಸಾ ಚಾಕು ಕೆಳಗಿಟ್ಟ. ಸೆರುವನ್ನು ಹತ್ತಿರ ಕರೆದು ಅವಳ ಪಾದ ತಿರುಗಿಸಿ ನೋಡಿದ. ಅಂಗಾಲ ತುಂಬ ಬಾಸುಂಡೆ. ಒಂದು ಏಟಿಗೆ ತಾನು ಕೊಟ್ಟ ಕ್ಷಮೆ ಇಡೀ ತರಗತಿಗೆ ಹೊಡೆಯಲು ಕೊಟ್ಟ ಅಪ್ಪಣೆಯಾಗಿತ್ತು. ಅವನಿಗೆ ನಾಚಿಕೆಯಾಯಿತು.

"ದೂರು ಯಾರಿಗೆ ಕೊಡ್ಬೇಕು?" ಅಂದ.

ಅವತ್ತೇ ಹೊರಟರು. ಡಾಕ್ಟರು ನೋಡಿ ಗಾಯದ ವಿವರ ಬರೆದುಕೊಟ್ಟರು. ಪೊಲೀಸರಿಗೊಂದು, ಶಿಕ್ಷಣ ಇಲಾಖೆಗೊಂದು ದೂರು ಹೋಯಿತು. ಪ್ರತಿಯನ್ನು ಅಪೆನಿಸಾ ತಾನೇ ಇಟ್ಟುಕೊಂಡ. ವಿಚಾರಣೆ ಮುಗಿಯುವವರೆಗೆ ತೊಮಾಸಿ ಮಾಸ್ಟರು ತರಗತಿಗೆ ಬರುವಂತಿಲ್ಲ. ಊರಲ್ಲಿ ಅರ್ಧ ಜನ ಅಪೆನಿಸಾನ ಜೊತೆ ಮಾತು ಬಿಟ್ಟಿದ್ದಾರೆ.

ಅಕನಿಸಿಯ ಎಡಗಿವಿ ಮಾತ್ರ ಮತ್ತೆ ಕೇಳಿಸಲಿಲ್ಲ. "ಮೊದಲ ದಿನವೇ ತಂದಿದ್ದರೆ ಕೀವಾಗುತ್ತಿರಲಿಲ್ಲ" ಅಂದರು ಡಾಕ್ಟರು. ಈಗ ಅಪೆನಿಸಾ ಮಗಳ ಜೊತೆ ಹೋಗುವಾಗ ನೆನಪಿಟ್ಟು ಅವಳ ಬಲಗಡೆಗೇ ನಡೆಯುತ್ತಾನೆ.

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ಶಾಲೆ ಯಾರದೇ ಇರಲಿ, ಮಗುವಿಗೆ ಏಟು ಬಿದ್ದರೆ ಮೊದಲು ಆಸ್ಪತ್ರೆಗೆ ಹೋಗಿ, ಡಾಕ್ಟರ ಕೈಯಲ್ಲಿ ಬರೆಸಿಕೊಳ್ಳಿ, ದೂರು ಕೊಡಿ. ರಾಜಿ ಪಂಚಾಯ್ತಿ ಆಮೇಲೆ. ಕ್ಷಮಿಸುವ ದೊಡ್ಡ ಮನಸ್ಸು ನಿಮ್ಮದಿರಬಹುದು, ಆದರೆ ಕಿವಿ ನಿಮ್ಮದಲ್ಲ. ಇವತ್ತು ಸಂಜೆ ಮಗು ಶಾಲೆಯಿಂದ ಬಂದಾಗ ಅದರ ಅಂಗಾಲನ್ನು ಒಮ್ಮೆ ತಿರುಗಿಸಿ ನೋಡಿ.