ನಮ್ಮ ವಂಶದಲ್ಲಿಲ್ಲದ ಕಾಯಿಲೆ

ಹದಿಮೂರರ ಹುಡುಗಿ ಗಂಟಲು ನೋವು, ಜ್ವರ ಎಂದು ಒಂದು ವಾರ ಮಲಗಿದ್ದಳು. ಎದ್ದ ಹದಿನೈದು ದಿನಕ್ಕೆ ಬೆನ್ನು, ಹೊಟ್ಟೆ, ತೋಳಿನ ಮೇಲೆಲ್ಲ ಹನಿ ಚಿಮುಕಿಸಿದ ಹಾಗೆ ಕೆಂಪು ಕಲೆಗಳು ಎದ್ದವು. ಚರ್ಮದ ಡಾಕ್ಟರಮ್ಮ ನೋಡಿ, ಇದು ಸೋರಿಯಾಸಿಸ್, ಯಾರಿಗೂ ಅಂಟುವುದಿಲ್ಲ, ಮುಂದಿನ ವಾರ ಬರುವಾಗ ಮನೆತನದಲ್ಲಿ ಯಾರಿಗಾದರೂ ಇದೆಯೇ ವಿಚಾರಿಸಿಕೊಂಡು ಬನ್ನಿ ಅಂದರು.

ಆ ಕೊನೆಯ ಮಾತೊಂದನ್ನು ಅವರು ಆಡಬಾರದಿತ್ತು.

ಅಪ್ಪನ ಅಮ್ಮ ನಿವೃತ್ತ ಹೆಡ್‌ಮಿಸ್. ಏಳು ತಲೆಮಾರಿನಿಂದ ನಮ್ಮ ವಂಶದಲ್ಲಿ ಯಾರ ಮೈಮೇಲೂ ಒಂದು ಗುಳ್ಳೆ ಎದ್ದಿಲ್ಲ ಎಂದು ತೀರ್ಪು ಕೊಟ್ಟರು. ಏಳು ತಲೆಮಾರಿನವರ ಮೈಯನ್ನು ಯಾವಾಗ ತಪಾಸಣೆ ಮಾಡಿದ್ದಿರಿ ಎಂದು ಕೇಳುವ ಎದೆಗಾರಿಕೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಸಲೂನಿನಲ್ಲಿ ಹೆಂಗಸರ ಕೂದಲು ಕತ್ತರಿಸುವ ಸೊಸೆ ತವರಿಗೆ ಫೋನ್ ಮಾಡಿದಳು. ಬಡಗಿಯಾಗಿದ್ದ ಅವಳ ಅಪ್ಪ, ನಮ್ಮ ಕಡೆಯವರ ಚರ್ಮ ಪಾಲಿಶ್ ಹೊಡೆದ ಮೇಜಿನ ಹಾಗೆ, ಬೇಕಾದರೆ ಬಂದು ತೋರಿಸುತ್ತೇನೆ ಅಂದರು. ಹೀಗೆ ಮುಂದಿನ ವಾರ ಹುಡುಗಿಯ ಜೊತೆ ಎರಡೂ ವಂಶಗಳು ಕ್ಲಿನಿಕ್ಕಿಗೆ ಹೊರಟವು, ಒಂದು ಇನ್ನೊಂದರ ತಪ್ಪೊಪ್ಪಿಗೆ ಕೇಳಲು.

ಅಜ್ಜಿ ಕುರ್ಚಿಯ ತುದಿಯಲ್ಲಿ ಕೂತು ತಮ್ಮ ಕುಲದ ನಿರ್ಮಲತೆಯನ್ನು ಬಣ್ಣಿಸುತ್ತಿದ್ದರು. ಡಾಕ್ಟರಮ್ಮನ ಕಣ್ಣು ಅವರ ಮಾತಿನ ಮೇಲಿರಲಿಲ್ಲ, ಕಿವಿಯ ಹಿಂದೆ ಇತ್ತು.

"ಅಮ್ಮಾ, ಅಲ್ಲಿ ಕೆಂಪಗಿರೋದು ಏನು?"

"ಅದಾ? ತಲೆಹೊಟ್ಟು."

"ಎಷ್ಟು ವರ್ಷದಿಂದ?"

"ನಲವತ್ತಾಗಿರಬಹುದು."

ನಲವತ್ತು ವರ್ಷ ಬಾಳಿದ ಹೊಟ್ಟಿನ ಕಥೆ ಕೇಳಿ ಬಡಗಿ ಅಜ್ಜ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕರು. ಕೈ ಅಡ್ಡ ಹಿಡಿದದ್ದೇ ತಪ್ಪಾಯಿತು. ಉಗುರುಗಳಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಳಿಗಳು. ಸುತ್ತಿಗೆ ಏಟು ಅಂದರು ಅಜ್ಜ. ಹತ್ತೂ ಬೆರಳಿಗೆ ಒಂದೇ ಅಳತೆಯ ಏಟು ಹೇಗೆ ಬಿತ್ತು ಎಂದು ಡಾಕ್ಟರಮ್ಮ ಕೇಳಿದಾಗ ಅವರು ಕಿಟಕಿ ಚೌಕಟ್ಟಿನ ಮರ ಎಂಥದ್ದೆಂದು ಪರೀಕ್ಷಿಸತೊಡಗಿದರು.

ಡಾಕ್ಟರಮ್ಮ ಇಬ್ಬರ ತಲೆ, ಉಗುರುಗಳನ್ನು ಸರಿಯಾಗಿ ನೋಡಿ, ಇದೂ ಅದೇ, ಅದೂ ಅದೇ ಅಂದರು. ಇದಕ್ಕೆ ಒಂದೇ ಜೀನ್ ಕಾರಣವಲ್ಲ, ಹತ್ತಾರು. ಈ ಕಡೆಯಿಂದ ಒಂದಿಷ್ಟು, ಆ ಕಡೆಯಿಂದ ಒಂದಿಷ್ಟು ಬಂದಿರಬಹುದು. ಆ ಜೀನ್‌ಗಳು ಬಂದವರಿಗೆಲ್ಲ ಕಾಯಿಲೆ ಆಗಲೇಬೇಕೆಂದಿಲ್ಲ. ಒಳಗಿದ್ದದ್ದನ್ನು ಈ ಸಲ ಗಂಟಲ ಸೋಂಕು ಎಬ್ಬಿಸಿದೆ. ಮೈಮೇಲೆ ಏನೂ ಕಾಣದವರೂ ಮಕ್ಕಳಿಗೆ ದಾಟಿಸಬಹುದು. ಅಲ್ಲಿಯವರೆಗೆ ತಾನು ಬರೀ ಡ್ರೈವರ್ ಎಂಬಂತೆ ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಅಪ್ಪ ಮೊಣಕೈ ತಿರುಗಿಸಿ ನೋಡಿಕೊಂಡ.

ಹುಡುಗಿ ಮಾತ್ರ ವಂಶದ ಗೊಡವೆಗೆ ಹೋಗಲಿಲ್ಲ. "ಅಜ್ಜೀ, ನಿಮಗೂ ರಾತ್ರಿಯೆಲ್ಲಾ ಕೆರೆತ ಬರುತ್ತಾ?" ಅಂದಳು.

ಅಜ್ಜಿ ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಎಲ್ಲ ಹೇಳಿದರು. ದಿಂಬಿನ ಮೇಲೆ ಉದುರಿದ್ದು ಕಂಡೀತೆಂದು ನೆಂಟರ ಮನೆಯಲ್ಲಿ ಒಂದು ದಿನವೂ ಮಲಗಿರಲಿಲ್ಲ. ಸ್ಕೂಲಿಗೆ ಬಿಳಿ ಬಟ್ಟೆಯನ್ನೇ ಹಾಕುತ್ತಿದ್ದರು. ಅದನ್ನು ಎಲ್ಲರೂ ಶಿಸ್ತು ಅಂದುಕೊಂಡಿದ್ದರು. ಸೊಸೆಯ ಕೈಗೆ ತಲೆ ಕೊಡದಿದ್ದುದೂ ಅದಕ್ಕೇ, ಅವಳ ಕತ್ತರಿಯ ಮೇಲಿನ ಅಪನಂಬಿಕೆಯಿಂದಲ್ಲ. ಅದೂ ಸ್ವಲ್ಪ ಇತ್ತು ಎಂದು ಸೇರಿಸಿದರು. ಸುಳ್ಳು ಹೇಳುವ ಹೆಂಗಸಲ್ಲವಲ್ಲ.

ಸೊಸೆ ಆ ಭಾನುವಾರವೇ ಅತ್ತೆಯನ್ನು ಮುಚ್ಚಿದ್ದ ಸಲೂನಿಗೆ ಕರೆದೊಯ್ದು, ಬೇಸಿನ್ನಿಗೆ ತಲೆ ಒರಗಿಸಿ, ಔಷಧದ ಶಾಂಪೂ ಹಾಕಿ ತೊಳೆದಳು. ಹೊಪ್ಪಳೆಗಳನ್ನು ಕೀಳದೆ ನೆನೆಸಿ ನೆನೆಸಿ ಬಿಡಿಸಿದಳು. ಅತ್ತೆ ನೀರು ಬಿಸಿಯಾಯಿತು, ತಣ್ಣಗಾಯಿತು ಎಂದು ತಪ್ಪು ತಿದ್ದುತ್ತಲೇ ಇದ್ದು, ನಡುವೆ ನಿದ್ದೆಹೋದರು.

ಹುಡುಗಿಯ ಕಲೆಗಳು ಮೂರು ತಿಂಗಳಲ್ಲಿ ಮಾಸಿದವು. ಮತ್ತೆ ಬರುವುದಿಲ್ಲವೆಂದು ಡಾಕ್ಟರಮ್ಮ ಮಾತು ಕೊಡಲಿಲ್ಲ. ಬೀಗರಿಬ್ಬರೂ ಈಗ ಒಂದೇ ದಿನ ತೋರಿಸಿಕೊಳ್ಳಲು ಹೋಗುತ್ತಾರೆ, ಅಕ್ಕಪಕ್ಕ ಕೂತು ಯಾರದ್ದು ಹೆಚ್ಚು ಹಳೆಯದು ಎಂದು ವಾದಿಸುತ್ತಾರೆ.