ಎರಡು ಜೋರಾಗಿ, ಒಂದು ಮೆಲ್ಲಗೆ

ಹಳೆಯ ಧ್ವನಿಮುದ್ರಣಗಳಿಂದ ಬೇಡದ ಸದ್ದು ತೆಗೆಯುವುದು ರೇಡಿಯೊ ಕೇಂದ್ರದಲ್ಲಿ ಮಗಳ ಕೆಲಸ. ಆ ವಾರ ಅವಳ ಕೈಗೆ ಬಂದದ್ದು ಅರವತ್ತು ವರ್ಷ ಹಿಂದಿನ ಹೆಸರಾಂತ ಟೇಪು, ವಾದ್ಯವೃಂದದೊಡನೆ ನುಡಿಸುವ, ರೊಮ್ಯಾಂಟಿಕ್ ಯುಗದ ಪಿಯಾನೊ ಕನ್ಸರ್ಟೊ. ಅದನ್ನು ಮುದ್ರಿಸಿದ ಸಂಜೆ ಪಿಯಾನೊ ಶ್ರುತಿ ಮಾಡಿದ್ದು ತನ್ನಪ್ಪನೇ ಎಂದು ತಾಯಿ ಹೇಳುತ್ತಲೇ ಬಂದಿದ್ದಳು. ನಂಬಿದವರು ಕಡಿಮೆ. ಕೇಳಲೆಂದು ಮಗಳು ಅವಳನ್ನು ಕರೆಸಿಕೊಂಡಳು.

ಮೊದಲ ಭಾಗ ಸಿಡಿಲಿನಂತೆ ಮುಗಿಯಿತು. ಆಮೇಲೆ ಹೆಜ್ಜೆ ಸಪ್ಪಳ. ಒಂದೇ ಸ್ವರ ಮೂರು ಸಲ, ಎರಡು ಜೋರಾಗಿ, ಒಂದು ಮೆಲ್ಲಗೆ.

“ಇದನ್ನ ಕತ್ತರಿಸ್ತೀನಮ್ಮ. ಯಾರೋ ಸುಮ್ನೆ ತಟ್ಟಿದ್ದಾರೆ.”

“ಯಾರೋ ಅಲ್ಲ ಕಣೆ, ನಿಮ್ಮಜ್ಜ. ಎರಡು ತಂತಿಗೆ, ಮೂರನೇದು ನನ್ನ ಕಿವಿಗೆ ಅಂತಿದ್ರು. ಮನೇಲೂ ಹಾಗೇ ತಟ್ಟೋರು.”

ಮಗಳು ಟೇಪನ್ನು ಹಿಂದಕ್ಕೆ ಓಡಿಸಿದಳು. ಮೊದಲ ಭಾಗದ ಕೊನೆಯಲ್ಲಿ ಆ ಸ್ವರ ಶ್ರುತಿ ತಪ್ಪಿ ಕೊಂಚ ನಡುಗುತ್ತಿತ್ತು. ಎರಡನೆಯ ಭಾಗದಲ್ಲಿ ಅದೇ ಸ್ವರ ತಿಳಿನೀರಿನಷ್ಟು ಶುದ್ಧವಾಗಿ ಹಾಡಿತು.

“ಇಡೀ ವಾದ್ಯವೃಂದ ಅಜ್ಜನಿಗೋಸ್ಕರ ಉಸಿರು ಬಿಗಿಹಿಡಿದು ಕೂತಿತ್ತಲ್ಲಮ್ಮ,” ಎಂದಳು ಮಗಳು.

“ಕೂತಿರ್ಲಿ ಬಿಡು. ಮನೇಲಿ ನಾವ್ಯಾರೂ ಅವರಿಗಾಗಿ ಒಂದು ನಿಮಿಷ ಬಾಯಿ ಮುಚ್ಚಿದವರಲ್ಲ.”

ಮಗಳು ನಕ್ಕು, ಟೇಪಿನ ಡಬ್ಬಿಯ ಮೇಲೆ ಬರೆದಳು: ‘ನಡುವೆ ಮೂರು ಸಲ ತಟ್ಟಿದ್ದು ಶ್ರುತಿಗಾರ. ಕತ್ತರಿಸಬಾರದು.’

ತಾಯಿ ಅದನ್ನು ಎರಡು ಸಲ ಜೋರಾಗಿ ಓದಿದಳು. ಮೂರನೆಯ ಸಲ ತನಗಷ್ಟೇ ಕೇಳುವಂತೆ.